ಕೇಶವ ಕೇಳಿದ ಅರ್ಧ ಸೆಕೆಂಡ್

ಎಲ್ಲರಿಗೂ ನಮಸ್ಕಾರ. ಚನ್ನಕೇಶವ ಅವರ ಪತ್ನಿ, ಮುಂದಿನ ಸಾಲಿನಲ್ಲಿ ಕುಳಿತಿರುವ ಅಂಜಮ್ಮನವರಿಗೆ, ಮಗಳು ಸ್ಪಂದನಳಿಗೆ, ಭಾನುವಾರದ ರಜೆ ಬಿಟ್ಟು ಬಂದಿರುವ ಕಾಮಾಕ್ಷಿಪಾಳ್ಯದ ಶೆಡ್‌ಗಳ ಗೆಳೆಯರಿಗೆ, ಬಸವೇಶ್ವರನಗರದಿಂದ ಬಂದಿರುವ ಕಾಂತರಾಜು ಸಾರ್ ಅವರಿಗೆ — ನಮಸ್ಕಾರ. ನಾನು ಉಗ್ರಪ್ಪ. ನಮ್ಮನ್ನು ಅಗಲಿರುವ ದಿವಂಗತ ಚನ್ನಕೇಶವ ಅವರ ಜೊತೆ ಸ್ಟೆಬಿಲೈಸರ್ ಮಾಡುವ ಶೆಡ್‌ನಲ್ಲಿ, ಒಂದೇ ಮೇಜಿಗೆ ಎದುರುಬದುರು ಕೂತು ಹದಿನೇಳು ವರ್ಷ ಕೆಲಸ ಮಾಡಿದವನು.

ಸಂಘದವರು ಎರಡು ಮಾತಾಡಿ ಅಂದ್ರು. ಬರೆದುಕೊಂಡೇ ಬಂದಿದ್ದೆ — ಇದೋ, ಈ ಹಾಳೆ. ಸರಳ ಸಜ್ಜನರು, ಅಜಾತಶತ್ರು, ತುಂಬಲಾರದ ನಷ್ಟ — ಎಲ್ಲಾ ಇದೆ ಇದರಲ್ಲಿ. ಸುಳ್ಳೇನಲ್ಲ. ಆದರೆ ಓದೋಕೆ ಆಗ್ತಾ ಇಲ್ಲ. ‘ಅವರು’ ಅನ್ನೋಕೇ ಬಾಯಿ ಬರ್ತಾ ಇಲ್ಲ. ಹದಿನೇಳು ವರ್ಷ ಕೇಶವ, ಬಾರೋ, ಹೋಗೋ ಅಂದವನು ನಾನು. ತಪ್ಪು ತಿಳೀಬೇಡಿ, ಹಾಗೇ ಮಾತಾಡ್ತೀನಿ.

ಇನ್ನೊಂದು ಮೊದಲೇ ಹೇಳಿಬಿಡ್ತೀನಿ. ನನಗೆ ಇನ್ನೂ ಅಳು ಬಂದಿಲ್ಲ. ಅವತ್ತು ಬೆಳಗ್ಗೆ ಹತ್ತು ಗಂಟೆಗೆ ಶೆಡ್‌ಗೆ ಫೋನ್ ಬಂತು — ಕೇಶವ ಇನ್ನಿಲ್ಲ, ಮನೆಯಲ್ಲೇ ಹಾರ್ಟ್ ಅಟ್ಯಾಕ್ ಆಯ್ತು ಅಂತ. ನನ್ನ ಕೈಯಲ್ಲಿ ಒಂದು ಬೋರ್ಡ್ ಇತ್ತು. ಇನ್ನೂ ಆರು ಬೆಸುಗೆ ಬಾಕಿ. ಆರನ್ನೂ ಹಾಕಿದೆ. ಐರನ್ ಆರಿಸಿ, ಸ್ಟ್ಯಾಂಡಿಗಿಟ್ಟು, ಚಪ್ಪಲಿ ಮೆಟ್ಟಿಕೊಂಡೆ. ನಮ್ಮ ಯಲ್ಲಪ್ಪ ಮೂಲೆಯಲ್ಲಿ ಕೂತು ಅಳ್ತಾ ಇದ್ದ. ನಾನು ಅವನಿಗೆ, ಫ್ಯಾನ್ ಆಫ್ ಮಾಡಿ ಬಾ ಅಂದೆ. ಇವತ್ತಿಗೆ ಹನ್ನೆರಡು ದಿನ. ಊಟ ಮಾಡ್ತೀನಿ, ಬಸ್ ಹತ್ತುತೀನಿ, ಮಲಗ್ತೀನಿ. ಜನ ಮಾತಾಡಿದ್ದು ಪಕ್ಕದ ಮನೆಯಿಂದ ಕೇಳಿದ ಹಾಗೆ ಕೇಳುತ್ತೆ.

ಆದರೆ ನಾಲ್ಕು ಒಳ್ಳೆ ಮಾತು ಹೇಳಿ ಇಳಿದುಹೋಗೋಕೆ ಬಂದಿಲ್ಲ ನಾನು. ಮೊನ್ನೆ ಕೇಶವನ ಮನೆಗೆ ಹೋಗಿದ್ದಾಗ ಸ್ಪಂದನ ಒಂದು ಪ್ರಶ್ನೆ ಕೇಳಿದಳು. “ಅಂಕಲ್, ಕಾಂತರಾಜು ಅಂಕಲ್ ಮನೇಲಿ ಅಪ್ಪ ಏನ್ ತಪ್ಪು ಮಾಡಿದ್ರು? ಯಾವಾಗ ಕೇಳಿದ್ರೂ ಮಾತು ಮರೆಸ್ತಾ ಇದ್ರು.” ನಾನು ಹೇಳಿದೆ, “ರಿಲೇ ಕ್ವಾಲಿಟಿ ಸರಿ ಇರ್ಲಿಲ್ಲಮ್ಮ.” — ಸುಳ್ಳು. ಅವನ ಫೋಟೋ ಮುಂದೆ, ಹಚ್ಚಿಟ್ಟ ದೀಪದ ಮುಂದೆ ಕೂತು ಹೇಳಿದ ಸುಳ್ಳು. ಅದನ್ನ ಇವತ್ತು ಸರಿಮಾಡಬೇಕು.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಕೇಶವನ ಹೊಟ್ಟೆಪಾಡು ಸ್ಟೆಬಿಲೈಸರ್. ಆಸೆ ಬೇರೆ. ಸಂಜೆ ಹೊತ್ತು, ಭಾನುವಾರ, ಜನರ ಮನೆಗಳಿಗೆ ಹಾಡು ಹಂಚೋ ಡಬ್ಬಿ ಮಾಡೋನು. ದೊಡ್ಡ ಕಂಪನಿಯವರು ಅದಕ್ಕೆ ಹೋಮ್ ಆಟೊಮೇಷನ್ ಅಂತ ಹೆಸರಿಟ್ಟಿದ್ರು. ಇವನು ಎಸ್.ಪಿ. ರೋಡಿನ ಅಂಗಡಿಗಳ ಬಿಡಿ ಸಾಮಾನಿನಲ್ಲೇ ಮಾಡಿ ಮುಗಿಸೋನು. ಮನೆಗೆ ಒಂದೇ ಆಂಪ್ಲಿಫೈಯರ್. ಅಡುಗೆಮನೆಗೆ ಒಂದು ಜೊತೆ ಸ್ಪೀಕರ್, ಹಾಲ್‌ಗೆ ಒಂದು ಜೊತೆ, ಮಹಡಿಗೆ ಒಂದು ಜೊತೆ. ಟಿವಿ ರಿಮೋಟ್‌ನಲ್ಲಿ ಒಂದು ಒತ್ತಿದರೆ ಹಾಡು ಒಂದು ಕಡೆ, ಎರಡು ಒತ್ತಿದರೆ ಇನ್ನೊಂದು ಕಡೆ. ಮನೆ ಯಜಮಾನರು, ಒಂದನೇ ನಂಬರ್ ಹಾಲ್‌ಗೆ ಕೊಡಿ ಅನ್ನೋರು. ಕೇಶವ ಕೇಳೋನು, “ಇರ್ಲಿ ಸಾರ್, ಮನೇಲಿ ಮೊದ್ಲು ಏಳೋರು ಯಾರು?” ಯಜಮಾನರು ಅಡುಗೆಮನೆ ಕಡೆ ನೋಡೋರು. ಹಾಗಾಗಿ ಅವನು ಮಾಡಿದ ಮನೆಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ ಒಂದನೇ ನಂಬರ್ ಅಡುಗೆಮನೆ.

ಹಾಡನ್ನ ಈ ಕಡೆಯಿಂದ ಆ ಕಡೆಗೆ ತಿರುಗಿಸೋದು ರಿಲೇ. ಇದೋ — ಹಿಂದಿನವರಿಗೂ ಕಾಣಲಿ — ಇಷ್ಟೇ, ಅರ್ಧ ಬೆಂಕಿಪೊಟ್ಟಣ. ಒಳಗೆ ಒಂದು ತಂತಿ ಸುರುಳಿ, ಒಂದು ಲೋಹದ ನಾಲಿಗೆ. ಕರೆಂಟ್ ಕೊಟ್ಟರೆ ನಾಲಿಗೆ ಹೋಗಿ ಕಚ್ಚಿಕೊಳ್ಳುತ್ತೆ, ತೆಗೆದರೆ ಬಿಡುತ್ತೆ. ಟಕ್. ಒಂದೊಂದು ಜೊತೆ ಸ್ಪೀಕರಿಗೂ ಒಂದೊಂದು.

ಕೇಶವನದ್ದು ಒಂದೇ ಹಠ. ಬಟನ್ ಒತ್ತಿದ ತಕ್ಷಣ ಹಾಡು ಆ ಕೋಣೆಗೆ ಹಾರಬಾರದು. ಮೊದಲು ಸದ್ದು ಪೂರ್ತಿ ಇಳಿಯಬೇಕು. ಹಳೇ ರಿಲೇ ಬಿಡಬೇಕು. ಅರ್ಧ ಸೆಕೆಂಡ್ — ಏನೂ ಇಲ್ಲ. ಆಮೇಲೆ ಹೊಸ ರಿಲೇ ಹಿಡೀಬೇಕು, ಆಮೇಲೆ ಸದ್ದು ಏರಬೇಕು. ಜೋರು ಹಾಡಿನ ಮಧ್ಯೆ ಬಿಡಿಸಿ ಹಿಡಿಸಿದರೆ ಒಳಗೆ ಕಿಡಿ ಹಾರುತ್ತೆ. ಕಿಡಿ ಹಾರಿ ಹಾರಿ ಒಂದು ದಿನ ನಾಲಿಗೆ ಬೆಸೆದುಕೊಂಡುಬಿಡುತ್ತೆ, ಬಿಡು ಅಂದರೂ ಬಿಡಲ್ಲ. ಆಗ ಎರಡು ಜೊತೆ ಸ್ಪೀಕರ್ ಒಟ್ಟಿಗೆ ಆಂಪ್ಲಿಫೈಯರ್ ಮೇಲೆ ಬೀಳುತ್ತೆ. ಒಂದು ಗಾಡಿ ಎಳೆಯೋ ಎತ್ತಿಗೆ ಎರಡು ಗಾಡಿ ಕಟ್ಟಿದ ಹಾಗೆ. ಅದು ಕಾದು ಕಾದು ಸುಟ್ಟುಹೋಗುತ್ತೆ.

ಕಾಂತರಾಜು ಸಾರ್ ಮನೆ ಅವನು ಮಾಡಿದ ಐದನೇ ಮನೆ. ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಮೊದಲು ಏಳೋರು ಸಾರ್ ತಾಯಿ ಅಕ್ಕಯ್ಯಮ್ಮನವರು. ಹಾಗಾಗಿ ಒಂದನೇ ನಂಬರ್ ಅವರ ಕೋಣೆಗೆ, ಡಬ್ಬಿ, ಆಂಪ್ಲಿಫೈಯರ್ ಎರಡೂ ಅಲ್ಲೇ ಗೋಡೆ ಬೀರುವಿನಲ್ಲಿ. ಟಕ್ ಅಂದಾಗೆಲ್ಲ ಅಜ್ಜಿ ಹಲ್ಲಿ ಲೊಚಗುಟ್ಟಿತು ಅಂತ ಮಂಚ ತಟ್ಟಿ “ಕೃಷ್ಣ ಕೃಷ್ಣ” ಅನ್ನೋರು. ಕೇಶವ, “ಅಜ್ಜೀ, ಅದು ಹಲ್ಲಿ ಅಲ್ಲ, ನನ್ನ ಡಬ್ಬಿ” ಅಂದ. “ಯಾವ್ದಾದ್ರೇನ್ ಮಗಾ, ಮಾತಾಡ್ವಾಗ ಲೊಚಗುಟ್ಟುದ್ರೆ ಆಡಿದ್ ಮಾತು ದಿಟ” ಅಂದ್ರು. ಅದನ್ನ ಶೆಡ್‌ಗೆ ಬಂದು ಎಷ್ಟು ಸಲ ಹೇಳಿದನೋ! ನಾನು ಏನಾದರೂ ಕೊಚ್ಚಿಕೊಂಡರೆ ಮೇಜಿನ ಮೇಲಿರೋ ರಿಲೇಗೆ ಹೀಗೆ ಕಿವಿ ಇಟ್ಟು, “ಹಲ್ಲಿ ಸುಮ್ನಿದೆ ಕಣೋ, ನೀನ್ ಬಿಡ್ತಿರೋದು ಬರೀ ಬುರುಡೆ” ಅನ್ನೋನು.

ಕಾಂತರಾಜು ಸಾರ್‌ಗೆ ಆ ಅರ್ಧ ಸೆಕೆಂಡ್ ಹಿಡಿಸಲಿಲ್ಲ. ಸಾರ್, ನೀವು ಅಂದಿದ್ದನ್ನೇ ಹೇಳ್ತೀನಿ. “ಏನ್ರೀ ಕೇಶವ, ಬಟನ್ ಒತ್ತಿದ್ರೆ ಹಾಡು ಒಂದ್ಸಲ ಸತ್ತು ಹುಟ್ಟುತ್ತಲ್ರೀ. ತೆಗೀರಿ ಅದನ್ನ.” ಕೇಶವ ಕೈ ಮುಗಿದು, “ಅರ್ಧ ಸೆಕೆಂಡ್ ಒಂದು ನಂಗ್ ಬಿಟ್ಕೊಡಿ ಸಾರ್, ಮಿಕ್ಕಿದ್ದೆಲ್ಲ ನೀವ್ ಹೇಳ್ದಂಗೆ ಮಾಡ್ತೀನಿ” ಅಂದ.

ಆಮೇಲೆ ಹಬ್ಬಕ್ಕೆ ನಾಲ್ಕು ದಿನ ಮಾಗಡಿ ಕಡೆ ಅವನ ಊರಿಗೆ ಹೋದ. ಅಷ್ಟರಲ್ಲಿ ಸಾರ್ ಅದೇ ವಿಷಯಕ್ಕೆ ಮತ್ತೆ ಫೋನ್ ಮಾಡಿದ್ರು. ಎತ್ತಿದ್ದು ನಾನು. ಡಬ್ಬಿ ಒಳಗಿನ ಚಿಪ್‌ಗೆ ಪ್ರೋಗ್ರಾಂ ಬರೆಯೋದು ನನಗೂ ಬರ್ತಿತ್ತು — ಕೇಶವನೇ ಕಲಿಸಿದ್ದು. ಎರಡು ಸಾಲು ಕಿತ್ತೆ. ಸದ್ದು ಇಳಿಸೋ ಸಾಲು, ಕಾಯೋ ಸಾಲು. ಹೊಸ ಚಿಪ್ ತಗೊಂಡು ಬಸವೇಶ್ವರನಗರಕ್ಕೆ ಹೋದೆ. ಬೇರೆಯವರು ಡಬ್ಬಿ ಮುಟ್ಟೋದು ಸಾರ್‌ಗೆ ಇಷ್ಟ ಇರಲಿಲ್ಲ. ಅದಕ್ಕೇ ಹೇಳಿದೆ, “ಕೇಶವನೇ ಬರ್ದು ಕಳ್ಸಿದಾನೆ ಸಾರ್.” ಹಾಕಿದೆ. ಹಾಡು ಎಲ್ಲೂ ಕಡೀಲಿಲ್ಲ. ಸಾರ್ ಭೇಷ್ ಅಂದ್ರು, ಕಾಫಿ ಕೊಡಿಸಿದ್ರು. ನನಗೆ ಖುಷಿ ಆಯ್ತು. ಕೇಶವ ಆಗಲ್ಲ ಅಂದಿದ್ದನ್ನ ನಾನು ಮಾಡಿ ತೋರಿಸಿದೆ ಅನ್ನೋ ಖುಷಿ.

ಅವನು ಊರಿಂದ ಬಂದ ಮೇಲೆ ಹೇಳೋಣ ಅಂದುಕೊಂಡೆ. ಹೇಳಲಿಲ್ಲ. ಬೈತಾನೆ ಅಂತ. ನಾಳೆ ಹೇಳಿದ್ರಾಯ್ತು ಅಂತ. ನಾಳೆ ನಾಳೆ ಅಂತಾನೇ ಐದು ತಿಂಗಳು ಹೋಯ್ತು.

ಎರಡು ಸಾವಿರದ ಆರನೇ ಇಸವಿ, ಸಾರ್ ಮೊಮ್ಮಗುವಿನ ನಾಮಕರಣ. ನಮ್ಮಿಬ್ಬರನ್ನೂ ಕರೆದಿದ್ರು. ಮನೆ ತುಂಬ ನೆಂಟರು. ರಿಮೋಟ್ ಒಬ್ಬರ ಕೈಯಿಂದ ಒಬ್ಬರ ಕೈಗೆ ಓಡಾಡ್ತಾ ಇತ್ತು — ಹಾಲ್, ಮಹಡಿ, ಹಾಲ್, ಮಹಡಿ. ಮಗೂನ ತೊಟ್ಟಿಲಿಗೆ ಹಾಕೋ ಹೊತ್ತಿಗೆ ಹಾಡು ಗೊರಗೊರ ಅಂತು. ಅಕ್ಕಯ್ಯಮ್ಮನವರ ಕೋಣೆಯಿಂದ ಹೊಗೆ. ಇಬ್ಬರು ಹೋಗಿ ಅಜ್ಜೀನ ಕೈಹಿಡಿದು ಆಚೆ ತಂದ್ರು. ಕೇಶವ ಓಡಿಹೋಗಿ ಮೈನ್ ಆರಿಸಿದ. ಅಜ್ಜಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು.

ಸಾರ್ ಅಷ್ಟು ಜನರ ಮುಂದೆ ಕೂಗಾಡಿದ್ರು. “ಮನೆ ಸುಡೋಕ್ ಬಂದಿದ್ದೀರೇನ್ರೀ? ನಮ್ಮಮ್ಮ ಒಳಗಿದ್ರು ಕಣ್ರೀ! ಹೊಸಾ ಚಿಪ್ಪು ನೀವೇ ತಾನೇ ಕಳ್ಸಿದ್ದು?”

ಹೊಸ ಚಿಪ್ ವಿಷಯ ಕೇಶವನಿಗೆ ಗೊತ್ತಾಗಿದ್ದೇ ಆಗ. ಅವನು ನನ್ನ ಕಡೆ ನೋಡಿದ. ನಾನು ಕಂಬದ ಪಕ್ಕ ನಿಂತಿದ್ದೆ. ಕೈಯಲ್ಲಿ ಕೋಸಂಬರಿ ದೊನ್ನೆ. — ಒಂದು ಮಾತು ಆಡಬಹುದಿತ್ತು ನಾನು. ಒಂದೇ ಮಾತು. ದೊನ್ನೆ ನೋಡ್ತಾ ನಿಂತೆ. ಅವನು ಆ ಕಡೆ ತಿರುಗಿ, “ಹೌದು ಸಾರ್. ತಪ್ಪು ನಂದೇ” ಅಂದ.

ವಾಪಸ್ ನಡ್ಕೊಂಡೇ ಬಂದ್ವಿ. ದಾರಿಯಲ್ಲಿ ಅವನು ಕೇಳಿದ್ದು ಒಂದೇ. “ಊಟ ಮಾಡಿದ್ಯೇನೋ?” “ಹೂಂ” ಅಂದೆ. ನಾನು ಮಾಡಿದ್ದೆ. ಅವನು ಮಾಡಿರಲಿಲ್ಲ.

ಎಂಟು ಸಂಜೆ ಕೂತು ಆ ಆಂಪ್ಲಿಫೈಯರ್ ರಿಪೇರಿ ಮಾಡಿಕೊಟ್ಟ. ಡಬ್ಬಿಗೆ ತನ್ನ ಹಳೇ ಚಿಪ್ಪನ್ನೇ ವಾಪಸ್ ಹಾಕಿದ. ಆದರೆ ಸುದ್ದಿ ಮನೆಯಿಂದ ಮನೆಗೆ ಹೋಗಿತ್ತು. ವಿಜಯನಗರದಲ್ಲಿ ಎರಡು ಮನೆ, ಅತ್ತಿಗುಪ್ಪೆಯಲ್ಲಿ ಒಂದು ಮನೆ ಒಪ್ಪಿಕೊಂಡಿದ್ದವರು ಬೇಡ ಅಂದ್ರು. ಅವನು ಅಂಗಡಿ ಇಡೋಕೆ ಅಂತ ಬೋರ್ಡ್ ಬರೆಸಿಟ್ಟಿದ್ದ, ಅಂಜಮ್ಮನವರಿಗೆ ಗೊತ್ತು. ‘ಸ್ಪಂದನ ಹೋಮ್ ಸೌಂಡ್’. ಹಳದಿ ಮೇಲೆ ಕೆಂಪು ಅಕ್ಷರ. ಆ ಬೋರ್ಡ್ ಯಾವ ಬಾಗಿಲ ಮೇಲೂ ಏರಲಿಲ್ಲ. ಶೆಡ್ ಹಿಂದೆ ಪೆಟ್ಟಿಗೆಗಳ ಮೇಲೆ ಮುಚ್ಚಳ ಆಗಿ ಬಿದ್ದಿದೆ. ದಿನಾ ಮಧ್ಯಾಹ್ನ ಅದರ ಮೇಲೇ ನನ್ನ ಊಟದ ಕ್ಯಾರಿಯರ್ ಇಡ್ತೀನಿ.

ಅವತ್ತು ಬೆಸೆದುಕೊಂಡ ಆ ರಿಲೇನ ಅವನು ಎಸೆಯಲಿಲ್ಲ. ಆಗಲೇ ತೋರಿಸಿದೆನಲ್ಲ — ಇದೇ ಅದು. ನಮ್ಮ ಮೇಜಿನ ಮೇಲೆ ಮೂರು ವರ್ಷ ಇತ್ತು. ಯಾರೇ ಹೊಸದಾಗಿ ಕೆಲಸಕ್ಕೆ ಸೇರಲಿ, ಇದನ್ನ ಕೈಗೆ ಕೊಡೋನು. ಯಲ್ಲಪ್ಪ ರಾಯಚೂರಿಂದ ಬಂದು ಸೇರಿದ ದಿನ ಕೇಳಿದ, “ಇದ್ಯಾಕ್ರೀ ಸರ, ಹಿಂಗ ಅಂಟ್ಕೊಂಡೈತಿ?” ಕೇಶವ ನನ್ನ ಕಡೆ ಕೈ ತೋರಿಸಿ, “ಅವನ್ನ ಕೇಳು, ಅವನಿಗ್ ಚೆನ್ನಾಗ್ ಗೊತ್ತು” ಅಂದ. ದನಿಯಲ್ಲಿ ಕೋಪ ಇರಲಿಲ್ಲ. ಕಾಯ್ತಾ ಇದ್ದ. ಯಲ್ಲಪ್ಪ, ನೆನಪಿದೆಯಲ್ಲ? ಮೂರು ವರ್ಷದಲ್ಲಿ ನಾಲ್ಕು ಜನ ಹೊಸಬರು ಬಂದ್ರು. ನಾಲ್ಕು ಸಲ ಅವನು ಕಾದ. ನಾಲ್ಕು ಸಲವೂ ನಾನು ಕಿಡಿ ಅಂದೆ, ಲೋಡ್ ಅಂದೆ, ಲೋಹ ಅಂದೆ. ಪಾಠ ಮುಗಿಯೋ ತನಕ ಕೇಳಿಸಿಕೊಂಡು, “ಹೆಸರಿಗೆ ಉಗ್ರಪ್ಪ, ಒಳಗೆ ಮೂಗಬಸವ” ಅಂತ ನಕ್ಕು ಟೀ ತರಿಸೋನು.

ಸ್ಪಂದನಾ — ಏಳಬೇಡಮ್ಮ, ಕೂತ್ಕೋ. ನಿಮ್ಮಪ್ಪ ಆ ಮನೇಲಿ ಯಾವ ತಪ್ಪೂ ಮಾಡಲಿಲ್ಲ. ಮಾಡಿದ್ದು ನಾನು. ಕಾಂತರಾಜು ಸಾರ್, ಆ ಚಿಪ್ ಕೇಶವ ಕಳಿಸಿರಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ನೀವು ಅವತ್ತು ಬೈದದ್ದು ಅವನಿಗೆ, ಬೈಸಿಕೊಳ್ಳಬೇಕಾದವನು ಕಂಬದ ಪಕ್ಕ ನಿಂತಿದ್ದ. ಅಂಜಮ್ಮನವರೇ, ನಿಮ್ಮ ಹತ್ತಿರ ಕ್ಷಮೆ ಕೇಳೋಕೂ ನನಗೆ ಮುಖ ಇಲ್ಲ. ಕೇಳಬೇಕಾಗಿದ್ದು ಅವನ ಹತ್ತಿರ, ಅವನು ಮೂರು ವರ್ಷ ನನ್ನ ಎದುರೇ ಕೂತಿದ್ದ.

ಹೇಳಿಬಿಟ್ಟರೆ ಎದೆ ಹಗುರ ಆಗುತ್ತೆ ಅಂದುಕೊಂಡಿದ್ದೆ. — ಇಲ್ಲ. ಏನೂ ಆಗಲಿಲ್ಲ. ನಾಳೆ ಸೋಮವಾರ, ಆ ಬೋರ್ಡನ್ನ ಒರೆಸಿ ನಾನೂ ಯಲ್ಲಪ್ಪಾನೂ ನಿಮ್ಮ ಮನೆಗೆ ತಂದುಕೊಡ್ತೀವಿ. ಅಷ್ಟು ಮಾತ್ರ ಗೊತ್ತು ನನಗೆ.

ಮನೆಗಳ ಕೆಲಸ ನಿಂತ ಮೇಲೆ ಅವನು ಮಾಡಿದ್ದು ಒಂದೇ ಡಬ್ಬಿ, ಈ ಭವನದ್ದು. ನೀವು ಈಗ ನನ್ನ ಮಾತು ಕೇಳ್ತಾ ಇರೋದು ಅದರಿಂದಲೇ. ರಿಮೋಟ್ ಇಲ್ಲಿದೆ. ಒಂದು ಒತ್ತಿದ್ರೆ ಈ ಹಾಲ್, ಎರಡು ಒತ್ತಿದ್ರೆ ಕೆಳಗಿನ ಊಟದ ಹಾಲ್, ಸೊನ್ನೆ ಒತ್ತಿದ್ರೆ ಎಲ್ಲಾ ರಿಲೇನೂ ಬಿಡುತ್ತೆ. ಈಗ ಸೊನ್ನೆ ಒತ್ತುತೀನಿ. ಮೊದಲು ನನ್ನ ದನಿ ಇಳಿಯುತ್ತೆ. ಆಮೇಲೆ ಟಕ್ ಅನ್ನುತ್ತೆ. ಅಕ್ಕಯ್ಯಮ್ಮನವರು ಮಂಡಿ ನೋವು ಅಂತ ಬಂದಿಲ್ಲ. ಬಂದಿದ್ದರೆ ಕುರ್ಚಿ ತಟ್ಟಿ ಕೃಷ್ಣ ಕೃಷ್ಣ ಅನ್ನೋರು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ವಯಸ್ಸಾದವರು ಕೂತೇ ಇರಿ, ಪರವಾಗಿಲ್ಲ. ಕೇಶವ ಕೇಳಿದ್ದು ಅರ್ಧ ಸೆಕೆಂಡ್ ಮೌನ. ಅದನ್ನ ನಾನು ಕಿತ್ತುಹಾಕಿ, ಮಾತಾಡಬೇಕಾದ ಕಡೆ ಮೂರು ವರ್ಷ ಸುಮ್ಮನಿದ್ದೆ. ನೀವು ಅವನಿಗೆ ಎರಡು ನಿಮಿಷ ಕೊಡಿ.