ಕಷ್ಟನಿಧಿಯ ಸನ್ಮಾನ

ಕೊಲ್ಲಿ ದೇಶದ ಬಸ್ ನಿಲ್ದಾಣದಲ್ಲಿ ಮಿರ್ದಿಫ್ ಬಸ್ಸಿಗೆ ಕಾದು ಸುಸ್ತಾಗಿದ್ದ ಶಹನಾಝ್‌ಳ ಕಿವಿಗೆ, ಪಕ್ಕದಲ್ಲಿ ನಿಂತಿದ್ದ ಚರ್ಚ್ ಸಮಿತಿಯ ಕಾರ್ಯದರ್ಶಿ ನಾರ್ಬರ್ಟ್ ಮತ್ತು ಸದಸ್ಯೆ ಜೂಡಿತ್‌ರ ಮಾತು ತಾನಾಗಿಯೇ ಬಿತ್ತು.

“ಕಷ್ಟದಲ್ಲಿದ್ದವರಿಗೆ ಅಂತ ಕೂಡಿಟ್ಟ ನಮ್ಮ ಕಷ್ಟನಿಧಿ ಮೂರು ವರ್ಷದಿಂದ ಒಂದು ಕಾಸೂ ಖರ್ಚಾಗದೆ ಹಾಗೇ ಉಂಟು ಜೂಡಿತ್‌ಬಾಯಿ. ವರದಿ ಓದುವಾಗ ಎಂಥ ಚಪ್ಪಾಳೆ!”

“ನಮ್ಮ ಚರ್ಚಿನ ಲಾಯ್ಡ್‌ನ ಅಮ್ಮ ಊರಲ್ಲಿ ಐಸಿಯುನಲ್ಲಿದ್ದಾರೆ. ಊರಿಗೆ ಹೋಗುವ ಟಿಕೆಟಿಗೆ ಅವನು ನಿಧಿಗೆ ಅರ್ಜಿ ಕೊಟ್ಟು ವಾರ ಆಯ್ತಲ್ಲ?”

“ಪ್ರಾರ್ಥನೆಯಲ್ಲಿ ಅವರ ಹೆಸರು ಸೇರಿಸಿದ್ದೇವಲ್ಲ.”

“ಪ್ರಾರ್ಥನೆ ತೋರಿಸಿದ್ರೆ ವಿಮಾನ ಹತ್ತಿಸ್ತಾರಾ?”

“ಈಗ ನಿಧಿ ಮುಟ್ಟುವುದು ಹೇಗೆ ಮಾರಾಯ್ರೆ? ನಾಳೆ ನಮಗೆ ಸನ್ಮಾನ. ‘ನಿಧಿ ಮುಟ್ಟದ ಸಮಿತಿ’ ಅಂತ ಫಲಕದಲ್ಲಿ ಕೆತ್ತಿಸಿ ಆಗಿದೆ.”

“ಒಳ್ಳೇದಾಯ್ತು. ಆ ಫಲಕವನ್ನು ಲಾಯ್ಡ್‌ನ ಕೈಯಿಂದಲೇ ಕೊಡಿಸುವ. ಮೈಕಿನಲ್ಲಿ ಅಮ್ಮನ ವಿಷಯವನ್ನೂ ಹೇಳಲಿ.”

ಅವರ ಬಸ್ಸು ಬಂತು. ಜೂಡಿತ್ ಹಿಂದಿರುಗಿ ನೋಡದೆ ಹತ್ತಿದರು.

“ನಿಲ್ಲಿ, ನಿಲ್ಲಿ! ಟಿಕೆಟ್ ಮಾಡ್ಲಿಕ್ಕೆ ಅವನ ಪಾಸ್‌ಪೋರ್ಟಿನ ಫೋಟೊ ಈಗಲೇ ಕಳಿಸಿ!” ಎನ್ನುತ್ತ ನಾರ್ಬರ್ಟ್ ಹಿಂದೆಯೇ ಓಡಿದರು.