ಬಸೀಮಾಳ ಫೋನು

ಗಾಜಾದಲ್ಲಿ ಡೇರೆಗಳ ನಡುವಿನ ಸೋಲಾರ್ ಅಂಗಡಿಯೆದುರು ಫೋನ್ ಚಾರ್ಜಿಗೆ ಕಾಯುತ್ತಿದ್ದ ರಿಹಾಬಳ ಕಿವಿಯೆಲ್ಲ ಮುಂದೆ ನಿಂತ ಸಮೀಹ್ ಮತ್ತು ಮುದುಕ ಅಬೂ ಶುಕ್ರಿಯ ಮಾತಿನ ಮೇಲಿತ್ತು.

“ಕೈರೋ ಮಾತುಕತೆ ಏನಾಯ್ತಂತೆ, ಚಿಕ್ಕಪ್ಪ?”

“ಈಜಿಪ್ಟ್ ಗಡಿಯ ರಫಾ ಗೇಟಲ್ಲಿ ಯಾರ ಪೊಲೀಸು ನಿಲ್ಲಬೇಕು ಅಂತ ಇನ್ನೂ ಜಗಳವಂತೆ.”

“ಕತ್ತೇನಾದ್ರೂ ನಿಲ್ಲಿಸ್ಲಿ, ಗೇಟು ತೆಗೀಲಿ!”

“ಕತ್ತೆ ಯಾರದು ಅಂತ ಮತ್ತೆ ಮಾತಿಗೆ ಕೂರ್ತಾರಪ್ಪ. ಅದಿರ್ಲಿ, ನಿನ್ನ ಕೈಲಿರೋದು ಬಸೀಮಾ ಫೋನಲ್ವೇನೋ?”

“ಹೂಂ. ಈಜಿಪ್ಟ್ ಆಸ್ಪತ್ರೆಗೆ ಹೊರಡಿ ಅನ್ನೋ ಕರೆ ಇದಕ್ಕೇ ಬರೋದು.”

“ಮಗಾ, ನಿನ್ನೆ ತಾನೇ ಅವಳನ್ನ ಮಣ್ಣು ಮಾಡಿ ಬಂದ್ವಲ್ಲೋ.”

“ಹೆಂಡ್ತಿ ಸತ್ತಿದ್ದು ನಂಗೊತ್ತಿಲ್ವಾ? ಅವಳ ಬದ್ಲು ಪಕ್ಕದ ಡೇರೆಯ ಕಾಯಿಲೆ ಕೂಸನ್ನ ಕರ್ಕೊಂಡ್ಹೋಗಿ ಅಂತ ಕೇಳ್ಬೇಕು.”

“ಒಬ್ಬರ ಸರದಿ ಇನ್ನೊಬ್ಬರಿಗೆ ಕೊಡಲ್ಲ ಅವರು.”

“ಅದೂ ಗೊತ್ತು.”

ಚಾರ್ಜಾದ ಫೋನಿನ ಗಂಟೆ ಜೋರಾಗಿ ಕೇಳುತ್ತದೆಯೇ ಎಂದು ಒಮ್ಮೆ ಬಾರಿಸಿ ನೋಡಿಕೊಂಡು, ಸಮೀಹ್ ಮುದುಕನ ಜೊತೆ ಡೇರೆಗಳತ್ತ ನಡೆದ.