ಬರ್ತೇವೆ ಅಜ್ಜಿ

ರಾತ್ರಿ ಬಾವಿಯ ಬದಿಯಿಂದ ನಡೆದು ಬರುವುದೆಲ್ಲ ನನಗೆ ದೊಡ್ಡ ಸಂಗತಿಯೇ ಅಲ್ಲ ಮಾರಾಯ್ರೆ. ಹತ್ತು ವರ್ಷದವನಿದ್ದಾಗ ಪಂದ್ಯ ಕಟ್ಟಿ, ಅಮಾವಾಸ್ಯೆಯ ದಿನ ಸುಡುಗಾಡಿನ ಬೇಲಿ ಮುಟ್ಟಿ ಬಂದವ ನಾನು. ನಮ್ಮೂರಲ್ಲಿ ಹೋಗಿ ಕೇಳಿ, ತಿಲಕ ಅಂದ್ರೆ ಯಾರು ಅಂತ. ಇಲ್ಲಿಗೆ, ಈ ಅರಬರ ನಾಡಿಗೆ ಬಂದ ಮೇಲೂ ಅಷ್ಟೇ. ಮೊದಲನೇ ಟೆಸ್ಟಿಗೇ ಲೈಸೆನ್ಸ್ ತೆಗೆದವ. ದೇರಾದ ಈ ರೂಮಿನಲ್ಲಿ ಆರು ಜನ ಮಲಗುತ್ತೀರಲ್ಲ, ಒಬ್ಬನಿಗಾದ್ರೂ ಆಗಿದೆಯಾ?

ಆದ್ರೆ ಆ ಒಂದು ಬಾವಿ...

ಲೈಟ್ ಹಾಕ್ಬೇಡಿ. ಹಾಗೇ ಇರ್ಲಿ. ಹೇಳ್ತೇನೆ.

ಎರಡು ಸಾವಿರದ ಹದಿನಾಲ್ಕನೇ ಇಸವಿ, ಡಿಸೆಂಬರ್ ತಿಂಗಳು, ಗುರುವಾರ. ನನ್ನ ದೊಡ್ಡಮ್ಮನ ಮಗಳು ಭವ್ಯಶ್ರೀ, ನಾನು ಭವ್ಯಕ್ಕ ಅನ್ನುವುದು. ಅವಳ ಗಂಡ ಸರ್ವೋತ್ತಮ ಭಾವ ರುವೈಸ್‌ನ ರಿಫೈನರಿಯಲ್ಲಿ ಟೆಕ್ನೀಶಿಯನ್. ಕಂಪನಿ ಕ್ವಾರ್ಟರ್ಸ್. ಇಬ್ಬರು ಮಕ್ಕಳು, ಹರ್ಷಿತನಿಗೆ ಏಳು, ಅಶ್ಮಿತಾಳಿಗೆ ನಾಲ್ಕು. ರಜೆಗೆಂದು ನಾನು ಅವರಲ್ಲಿಗೆ ಹೋಗಿದ್ದೆ. ಅಲ್ಲಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ, ಸಮುದ್ರದ ಬದಿ, ಮೂರು ಸಂಜೆಯ ಮಟ್ಟಿಗೆ ಒಂದು 'ಹಳೇ ಊರು' ಕಟ್ಟಿದ್ದರು. ಎಣ್ಣೆ ಸಿಗುವ ಮೊದಲು ಇಲ್ಲಿಯವರು ಹೇಗಿದ್ದರೋ ಹಾಗೆ. ಖರ್ಜೂರದ ಗರಿಯ ಗುಡಿಸಲು, ಬಲೆ ಹೆಣೆಯುವವರು, ಮುತ್ತು ತೆಗೆಯುವವರು. ನೋಡುವವರೂ ಆ ಕಾಲದ ಬಟ್ಟೆಯಲ್ಲೇ ಹೋಗಬೇಕು. ವಾಚು, ಮೊಬೈಲು ಗೇಟಿನಲ್ಲೇ ಒಂದು ಚೀಲಕ್ಕೆ ಹಾಕಿ ಕೊಡಬೇಕು.

ಭಾವ ಉದ್ದದ ಕಂದೂರ ತೊಟ್ಟರು, ತಲೆಗೆ ಬಟ್ಟೆ ಸುತ್ತಿದರು. ಭವ್ಯಕ್ಕ ಕಾಲ್ಬೆರಳು ಮುಚ್ಚುವ ನಿಲುವಂಗಿ. ಅಶ್ಮಿತಾಳಿಗೆ ಜರಿ ಅಂಚಿನ ಹಸಿರು ತಲೆವಸ್ತ್ರ. ಹರ್ಷಿತ ಮುತ್ತಿಗೆ ಮುಳುಗುವ ಹುಡುಗ. ಕೊರಳಲ್ಲಿ ಹುರಿ, ಹುರಿಯಲ್ಲಿ ಮೂಗು ಒತ್ತಿ ಹಿಡಿಯುವ ಚಿಮುಟ.

ನನಗೂ ಒಂದು ಕೊಟ್ಟರು. ನಾನು ತೊಡಲಿಲ್ಲ. ಚೌಕಳಿ ಲುಂಗಿ ಎತ್ತಿ ಕಟ್ಟಿದೆ, ಬನಿಯನ್ ಹಾಕಿದೆ, ಹೆಗಲ ಮೇಲೆ ಊರಿಂದ ತಂದ ಕೆಂಪು ಅಂಚಿನ ಬೈರಾಸು. ಗೊತ್ತಲ್ಲ, ಮೈ ಒರೆಸುವ ಹತ್ತಿ ಬಟ್ಟೆ.

"ಮಾಮ, ಯು ಲುಕ್ ಲೈಕ್ ವಾಚ್‌ಮನ್," ಅಂದ ಹರ್ಷಿತ.

"ಹೋಗೋ! ನನ್ನ ಮುತ್ತಜ್ಜ ಮಂಗಳೂರಿನ ಹೆಂಚು ತುಂಬಿಸಿಕೊಂಡು ಮಂಜಿಯಲ್ಲಿ, ಆ ಹಾಯಿ ಹಡಗಿನಲ್ಲಿ, ಈ ಕಡಲಿಗೆ ಬಂದವ. ಇದೇ ಲುಂಗಿ, ಇದೇ ಬೈರಾಸು. ನಿಮ್ಮದೆಲ್ಲ ಬಾಡಿಗೆ ವೇಷ. ನನ್ನದು ಒರಿಜಿನಲ್!"

ಗೇಟಿನವನಿಗೂ ಅದನ್ನೇ ಅರ್ಧ ಹಿಂದಿಯಲ್ಲಿ ಹೇಳಿದೆ. ಅವ ನಕ್ಕು, "ಯಲ್ಲಾ, ಯಲ್ಲಾ" ಅಂತ ಒಳಗೆ ಬಿಟ್ಟ. ಮುತ್ತಜ್ಜ ಮಂಜಿಯಲ್ಲಿ ಬಂದದ್ದು ನಿಜವೋ ಅಂತ ಕೇಳ್ಬೇಡಿ. ಬಂದಿರಲೂಬಹುದು.

ರಾತ್ರಿ ಹತ್ತಕ್ಕೆ ಡೋಲು ನಿಂತಿತು. ಜನ ಕರಗಿದರು. ಅಶ್ಮಿತಾ ಭಾವನ ಹೆಗಲ ಮೇಲೆ ನಿದ್ದೆ. ಗೇಟಿನ ಹತ್ತಿರದ ಜನರೇಟರ್ ಗುಂಯ್... ಅಂತ ಕೇಳುತ್ತಿತ್ತು. ಆ ಸದ್ದಿನ ಕಡೆಗೆ, ಎರಡು ಗರಿಗೋಡೆಗಳ ನಡುವಿನ ಓಣಿಯಲ್ಲಿ ಹೊರಟೆವು. ಓಣಿ ತಿರುಗಿದಲ್ಲಿ ಒಂದು ಅಂಗಳ. ಅಂಗಳದಲ್ಲಿ ಬಾವಿ. ಬಾವಿಕಟ್ಟೆಯಲ್ಲಿ ಒಬ್ಬರು ಅಜ್ಜಿ.

ಕಿರ್ರ್... ಟಕ್. ಕಿರ್ರ್... ಟಕ್. ರಾಟೆಯ ಸದ್ದು. ಅಜ್ಜಿ ಕೊಡ ಎಳೆಯುತ್ತಿದ್ದರು.

"ಯಾವ ಮಂಜಿಯಲ್ಲಿ ಬಂದೆ?"

ಕೇಳಿದ್ದು ತುಳುವಿನಲ್ಲಿ! ನಿಮ್ಮಲ್ಲಿ ತುಳು ಬಾರದವರೂ ಇದ್ದೀರಿ, ಕನ್ನಡದಲ್ಲೇ ಹೇಳ್ತೇನೆ. ನಮಗೆ ಖುಷಿಯೋ ಖುಷಿ. ವೇಷಕ್ಕೆ ನಮ್ಮ ಕಡೆಯವರನ್ನೇ ಕರೆಸಿದ್ದಾರೆ ಅಂದುಕೊಂಡೆವು. ಭವ್ಯಕ್ಕ ಹೆಸರು ಕೇಳಿದಳು. ಮರಿಯಮ್ ಬೀವಿ. ಬ್ಯಾರಿಗಳ ಪೈಕಿ. ಕಿವಿಯ ಅಂಚಿನುದ್ದಕ್ಕೂ ಅಲಿಕತ್ತು, ಆ ಹಳೇ ಕಾಲದ ಓಲೆ.

ನಾನು ಬಿಡ್ತೇನಾ? "ಹೆಂಚಿನ ಮಂಜಿ ಅಜ್ಜಿ. ನನ್ನದೇ ಮಂಜಿ!" ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಲುಂಗಿ... ಬೈರಾಸು...

"ತುಂಬಾ ತಡ ಮಾಡಿದೆ," ಅಂದರು.

"ಎಂತ ಮಾಡುದು, ಗಾಳಿ ಸರಿ ಇರ್ಲಿಲ್ಲ!" ನಾನು ನಕ್ಕೆ. ಭಾವನೂ ನಕ್ಕರು. ಅಜ್ಜಿ ನಗಲಿಲ್ಲ.

ನೀರು ಕೊಟ್ಟರು. ಸಿಹಿನೀರು, ಹಲ್ಲು ಜುಮ್ಮೆನ್ನುವಷ್ಟು ತಂಪು. ನನ್ನ ಬೈರಾಸಿನ ತುದಿ ಹಿಡಿದು, ಅಂಚಿನ ನೂಲು ಸವರುತ್ತ ಕೂತರು. ಹೊರಡುವಾಗ ಭವ್ಯಕ್ಕ, ನಾನು, ಇಬ್ಬರೂ ಒಟ್ಟಿಗೆ ಅಂದೆವು:

"ಬರ್ತೇವೆ ಅಜ್ಜಿ."

ಮತ್ತೆಂತ ಅನ್ನುವುದು? ನಮ್ಮಲ್ಲಿ 'ಹೋಗ್ತೇನೆ' ಅಂತ ಯಾರಾದ್ರೂ ಹೇಳಿ ಹೊರಡುವುದುಂಟಾ? ನನ್ನ ಅಪ್ಪ ಒಂದೇ ಒಂದು ಸಲ, ಗಡಿಬಿಡಿಯಲ್ಲಿ, ಹಾಗೆ ಹೇಳಿ ಮಲ್ಪೆಯಲ್ಲಿ ಬೋಟು ಹತ್ತಿದ್ದು. ಬೋಟು ಬಂತು. ಅಪ್ಪ ಬರಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಆ ಮಾತಿಗೆ ಜಾಗವೇ ಇಲ್ಲ. ಕಕ್ಕಸಿಗೆ ಎದ್ದರೂ ಅಮ್ಮನಿಗೆ 'ಬರ್ತೇನೆ' ಅಂದೇ ಏಳಬೇಕು.

"ಬಾ," ಅಂದರು ಅಜ್ಜಿ. ಬೈರಾಸಿನ ಒಂದು ನೂಲಿಗೆ ಗಂಟು ಹಾಕಿದರು. ಸಣ್ಣದು. ಸಾಸಿವೆಯಷ್ಟು.

ಹೊರಟೆವು. ಓಣಿ, ತಿರುವು, ಮತ್ತೆ ಓಣಿ. ಗುಂಯ್ ಸದ್ದು ಎದುರಿಗೇ ಇತ್ತು. ಆಮೇಲೆ ಬಲಕ್ಕೆ ಬಂತು. ಆಮೇಲೆ...

ಕಿರ್ರ್... ಟಕ್.

ಅಂಗಳ. ಬಾವಿ. ಅಜ್ಜಿ.

"ಬಂದ್ಯಾ?"

"ದಾರಿ ತಪ್ಪಿತು ಅಜ್ಜಿ. ಗೇಟು ಎಲ್ಲಿ?"

ಅಜ್ಜಿ ನಾವು ಬಂದ ಓಣಿಯನ್ನೇ ತೋರಿಸಿದರು. ಕೈ ಮಾತ್ರ ಬೈರಾಸಿನ ತುದಿಗೇ ಹೋಯಿತು.

"ಆಯ್ತು, ಬರ್ತೇವೆ." ಇನ್ನೊಂದು ಗಂಟು.

"ಅದೆಂತಕ್ಕೆ ಗಂಟು?"

"ಮರೆಯದಿರ್ಲಿ ಅಂತ."

ಈ ಸಲ ಭಾವ ಮುಂದೆ. ಅವರದ್ದು ಎಲ್ಲ ಕ್ರಮಪ್ರಕಾರ. "ಎಡಗೈ ಗೋಡೆಯಿಂದ ತೆಗೀಬೇಡಿ. ಎಂಥಾ ಸುತ್ತಿನ ದಾರಿಯಾದ್ರೂ ಹೊರಗೆ ಬೀಳ್ಲೇಬೇಕು," ಅಂದರು. ನಡೆದೆವು. ಒಣಗರಿ ಅಂಗೈಗೆ ಸರ... ಸರ... ಸರ. ಓಣಿ ಸಪೂರ ಆಗುತ್ತ ಬಂತು. ಮೊದಲು ಇಬ್ಬರು ಜೊತೆಗೆ ನಡೆಯುವಷ್ಟಿತ್ತು. ಆಮೇಲೆ ಒಬ್ಬೊಬ್ಬರೇ. ಆಮೇಲೆ ಭುಜ ಓರೆ ಮಾಡಿ. ಹರ್ಷಿತ ನನ್ನ ಲುಂಗಿ ಹಿಡಿದಿದ್ದ.

ಆಗ ಗಮನಿಸಿದೆ. ಜನರೇಟರ್ ಇಲ್ಲ. ಸಮುದ್ರದ ಸದ್ದೂ ಇಲ್ಲ. ನಮ್ಮ ಉಸಿರು ಮಾತ್ರ.

ಕಿರ್ರ್... ಟಕ್.

"ಮಾಮ," ಹರ್ಷಿತ ಪಿಸುಗುಟ್ಟಿದ, "ಸೇಮ್ ವೆಲ್."

ನನಗೆ ರೋಷ ಬಂತು. ದೆವ್ವಕ್ಕೆ ಬೈದ್ರೆ ಓಡುತ್ತದೆ ಅಂತ ಊರಲ್ಲಿ ಕಲಿತವ. ನನಗೆ ಬರುವ ಬೈಗುಳ ಎಲ್ಲ ಬೈದೆ. ಮಕ್ಕಳಿದ್ದಾರೆ ಅಂತಲೂ ನೋಡಲಿಲ್ಲ. ಉಸಿರು ಮುಗಿಯುವಷ್ಟು ಬೈದೆ.

ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಮೆಲ್ಲ ಅಂದರು, "ನಿನ್ನ ಬಾಯಿ ಆಗಲೂ ಹೀಗೇ ಇತ್ತು."

ಗೋಡೆಗೆ ಒದ್ದೆ. ಗರಿ ಮುರಿಯಿತು. ಅದರ ಹಿಂದೆ ಇನ್ನೊಂದು ಗರಿಗೋಡೆ. ಅದಕ್ಕೂ ಒದ್ದೆ. ಅದರ ಹಿಂದೆ... ಬಿಡಿ. ಕಾಲು ನೋವಾಗಿ ನಿಲ್ಲಿಸಿದೆ.

ಭವ್ಯಕ್ಕ ಕೈ ಮುಗಿದಳು. "ಅಜ್ಜಿ, ಸಣ್ಣ ಮಕ್ಕಳು. ಇವತ್ತು ಬಿಡಿ. ನಾಳೆ ಖಂಡಿತ ಬರ್ತೇವೆ. ತಿಲಕ, ನೀನೂ ಹೇಳು."

"ಬರ್ತೇವೆ," ಅಂದೆ. ಮೂರನೇ ಗಂಟು.

ಓಡಿದೆವು. ಅಷ್ಟೇ ನೆನಪು. ಓಡಿದೆವು. ಅದೇ ಅಂಗಳಕ್ಕೆ ಬಂದು ಬಿದ್ದೆವು.

ಈ ಸಲ ಅಜ್ಜಿ ನಿಂತಿದ್ದರು. ಭಾವನ ಎದುರಿಗೆ ಬಂದು, ಎರಡೂ ಕೈ ಚಾಚಿದರು, ಅಶ್ಮಿತಾಳ ಕಡೆಗೆ.

"ಮಗು ಇಲ್ಲಿ ಮಲಗಲಿ. ನೀವು ಹೋಗಿ ಬನ್ನಿ."

"ಏ ಇಲ್ಲ..." ಅಂದರು ಭಾವ.

"ನಾನೇನೂ ಮಾಡುದಿಲ್ಲ. ಜೋಪಾನ ಮಾಡ್ತೇನೆ. ಮಗು ಇದ್ರೆ ಇವ ಬಂದೇ ಬರ್ತಾನೆ. ಬರೀ ಮಾತು ನಂಬಿ ಆಯ್ತು ನನಗೆ."

ದನಿ ಏರಲೇ ಇಲ್ಲ. ಅದೇ ಹೆದರಿಕೆ. ಮನೆಗೆ ಬಂದವರ ಮಗುವನ್ನು ತೊಡೆಗೆ ಕೇಳುವ ಹಾಗೆ ಕೇಳಿದರು. ಅಶ್ಮಿತಾ ನಿದ್ದೆಯಲ್ಲೇ ಅವರ ಕಡೆ ಮುಖ ತಿರುಗಿಸಿದಳು. ಭಾವ ಹಿಂದೆ ಸರಿದರು. ಬೆನ್ನಿಗೆ ಗೋಡೆ ತಾಗಿತು, ಸರಕ್ ಅಂತ. ನಾವು ಬಂದ ಓಣಿ ಅಲ್ಲಿ ಇರಲಿಲ್ಲ.

ಹರ್ಷಿತ ಅಳಲು ಶುರುಮಾಡಿದ. "ಅಜ್ಜೀ, ಪ್ಲೀಸ್! ವಿ ಆರ್ ಗೋಯಿಂಗ್! ಹೋಗ್ತೇವೆ! ಹೋಗ್ತೇವೆ!"

ರಾಟೆ ನಿಂತಿತು.

ಭವ್ಯಕ್ಕ ಅಂಥ ಹೊತ್ತಲ್ಲೂ ಮಗನ ಬಾಯಿ ಮುಚ್ಚಿದಳು ಮಾರಾಯ್ರೆ! "ಛೀ! ಹಾಗನ್ಬಾರ್ದು! ಬರ್ತೇವೆ ಅನ್ಬೇಕು!"

ಕಿರ್ರ್... ಮತ್ತೆ ತಿರುಗಿತು. ಆಗ ನೋಡಿದೆ. ಹಗ್ಗಕ್ಕೆ ಯಾರ ಕೈಯೂ ಇರಲಿಲ್ಲ.

ನನಗೆ ಹೊಳೆಯಿತು. ಅಜ್ಜಿ ನಮ್ಮನ್ನು ಹಿಡಿದಿಟ್ಟದ್ದಲ್ಲ. ನಾವೇ ಬರ್ತೇವೆ ಅಂದದ್ದು. ಅಂದ ಹಾಗೆ ಬರುತ್ತಾ ಇದ್ದೆವು.

ಹುಡುಗ ಹೇಳಿದ್ದು ಸಾಕಾಗಲಿಲ್ಲ. ಅಜ್ಜಿ ನೋಡುತ್ತಿದ್ದದ್ದು ನನ್ನನ್ನು. ನಾನು ಹೇಳಬೇಕು.

ನಗ್ಬೇಡಿ. ಸುಡುಗಾಡಿನ ಬೇಲಿ ಮುಟ್ಟಿದವ ನಾನು. ಆ ಒಂದು ಮಾತು ಬಾಯಿಗೆ ಬರಲಿಲ್ಲ. ಅಪ್ಪನ ಮುಖ ಬಂತು, ಮೆಟ್ಟಿಲು ಇಳಿಯುವಾಗ ತಿರುಗಿ ನೋಡಿದ್ದು. ಇದನ್ನು ಹೇಳಿದ್ರೆ ನಾನು ಮನೆಗೆ ಮುಟ್ಟುವುದಿಲ್ಲ ಅಂತಲೇ ಅನಿಸಿತು. ಅಜ್ಜಿಯ ಬೆರಳು ಅಶ್ಮಿತಾಳ ತಲೆವಸ್ತ್ರಕ್ಕೆ ತಾಗಿತು...

"ಅಜ್ಜೀ," ಅಂದೆ. "ನಾನು... ಹೋಗ್ತೇನೆ."

ಕೈ ನಿಂತಿತು.

"ಬರುದಿಲ್ವಾ?"

"ಇಲ್ಲ."

"ನಾಳೆ?"

"ಇಲ್ಲ ಅಜ್ಜಿ. ಯಾವತ್ತೂ ಇಲ್ಲ. ಹೋಗ್ತೇನೆ."

ಅವರು ನನ್ನ ಮುಖ ನೋಡಿದರು. ಸಿಟ್ಟಿಲ್ಲ. ದಣಿವು ಅಷ್ಟೇ. ಬೈರಾಸಿನ ತುದಿಯನ್ನು ನನ್ನ ಹೆಗಲಿಗೆ ಹಾಕಿ, ಸರಿಮಾಡಿದರು.

"ಇದನ್ನು ಹೇಳ್ಲಿಕ್ಕೆ ನಿನಗೆ ಇಷ್ಟು ವರ್ಷ ಬೇಕಾಯ್ತಾ?" ಅಂದರು.

ಗುಂಯ್...

ಜನರೇಟರ್. ಎಡಬದಿಯಲ್ಲೇ, ಇಪ್ಪತ್ತು ಹೆಜ್ಜೆಯಲ್ಲಿ. ಗೇಟಿನ ಟ್ಯೂಬ್‌ಲೈಟು ಅಂಗಳದೊಳಗೆ ಬಿದ್ದಿತ್ತು. ಕಟ್ಟೆಯಲ್ಲಿ ಯಾರೂ ಇರಲಿಲ್ಲ. ಭವ್ಯಕ್ಕ ಬೇಡ ಬೇಡ ಅಂದರೂ ನಾನು ಬಾವಿಗೆ ಬಗ್ಗಿ ನೋಡಿದೆ. ಮೊಣಕಾಲಷ್ಟು ಆಳ. ಅಡಿಗೆ ಸಿಮೆಂಟು. ಆಟದ ಬಾವಿ. ಮಕ್ಕಳ ಬೆರಳು ಸಿಕ್ಕಬಾರದು ಅಂತ ರಾಟೆಯನ್ನು ಬಿಳಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದ್ದರು. ಎಳೆದು ನೋಡಿದೆ. ಒಂದಿಂಚೂ ತಿರುಗಲಿಲ್ಲ.

ಗೇಟಿನವ ಮೊಬೈಲ್ ಕೊಟ್ಟ. ಹತ್ತು ಗಂಟೆ ಎಂಟು ನಿಮಿಷ. ತುಳು ಮಾತಾಡುವ ಅಜ್ಜಿ ಯಾರು ಅಂತ ಕೇಳಿದೆ. "ಅಜ್ಜಿ ಮಾಫಿ," ಅಂದ, ಅಂಥವರು ಯಾರೂ ಇಲ್ಲ ಅಂತ. ಬಟ್ಟೆ ವಾಪಸ್ ಎಣಿಸಿಕೊಂಡ. "ಖಲಾಸ್."

ಕಾರು ಹೊರಟಿತು. ಭವ್ಯಕ್ಕ ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ನಾನೇ ಅಂದೆ, ಧೈರ್ಯಕ್ಕೆ, "ಎಂತ ಮಹಾ ಆಯ್ತು? ಮೂರು ಸಲ ಸುತ್ತಿದ್ದು, ಅಷ್ಟೇ ಅಲ್ವಾ?"

ಹಿಂದಿನ ಸೀಟಿನಿಂದ ಹರ್ಷಿತ ಅಂದ, "ನೋ ಮಾಮ. ಮೆನಿ ಟೈಮ್ಸ್. ಯು ಫರ್ಗಾಟ್."

"ಸುಮ್ನೆ ಮಲಗು," ಅಂದರು ಭಾವ.

ನಾನು ರೂಮಿನಿಂದ ಹೊರಡುವಾಗ ಬರ್ತೇನೆ ಅನ್ನುವುದಿಲ್ಲ, ಹೋಗ್ತೇನೆ ಅಂತಲೂ ಅನ್ನುವುದಿಲ್ಲ, ಬಾಗಿಲು ಎಳೆದು ಹೋಗುತ್ತೇನೆ. ತಿಲಕನಿಗೆ ಸೊಕ್ಕು ಅನ್ನುತ್ತೀರಿ. ಅನ್ನಿ.

ದೇರಾಕ್ಕೆ ಬಂದ ಮಾರನೇ ದಿನ ಬಟ್ಟೆ ಒಗೆಯಲು ಕೂತೆ. ಬೈರಾಸಿನ ತುದಿ ಕೈಗೆ ಒರಟಾಗಿ ಸಿಕ್ಕಿತು. ನೂಲು ನೂಲಿಗೂ ಗಂಟು. ಸಾಸಿವೆಯಷ್ಟು ಸಣ್ಣದು, ಒಂದರ ಪಕ್ಕ ಒಂದು, ಆ ಅಂಚಿನಿಂದ ಈ ಅಂಚಿನವರೆಗೆ. ಬಿಚ್ಚಲು ನೋಡಿದೆ, ಉಗುರು ಮುರಿಯಿತು. ಮೂರು ನನಗೆ ನೆನಪುಂಟು. ಅಮ್ಮನಾಣೆ, ಮೂರೇ.

ಬೈರಾಸು ನನ್ನ ಮಂಚದ ಅಡಿಯ ಪೆಟ್ಟಿಗೆಯಲ್ಲಿದೆ. ನಂಬದವರು ತೆಗೆದು ಎಣಿಸಿ. ನಲವತ್ತಮೂರು.